ಕಾರು ಬಿಡಲು ಬಾರದ ಸಾರಥಿ

ನವೆಂಬರ್ 4

ಸಂಪಾದಕ ಪ್ರೇಮಾನಂದರು ಇವತ್ತು ನಗುನಗುತ್ತಾ ನನ್ನ ತಲೆಯ ಮೇಲೆ ಕಲ್ಲು ಹಾಕಿದರು.

"ಗೋಪಿ, ನಿನ್ನ್ ಅದೃಷ್ಟ ಖುಲಾಯಿಸ್ತ್ ಮಾರಾಯ," ಎಂದು ಒಂದು ಆಮಂತ್ರಣ ಪತ್ರ ಕೊಟ್ಟರು. ಝೋರಿಯಾ ಎಂಬ ಸ್ಪೋರ್ಟ್ಸ್ ಕಾರು ಹೊಸ ವಿನ್ಯಾಸದಲ್ಲಿ ಬರುತ್ತಿದೆ. ಡಿಸೆಂಬರ್ 20ರಂದು ಮರವಂತೆಯಲ್ಲಿ ಅದರ ಜೊತೆಗೆ ಅದಕ್ಕಿಂತ ದುಬಾರಿಯ ಆಲ್ಟಿನೊ ಮತ್ತು ವೆರ್ಡೆನ್ ಎರಡನ್ನೂ ತಂದು ನಿಲ್ಲಿಸುತ್ತಾರಂತೆ. ವಾಹನ ಬರಹಗಾರರು ಮೂರನ್ನೂ ಸ್ವತಃ ಓಡಿಸಿ, ಹೋಲಿಸಿ ಬರೆಯಬೇಕು. ಹತ್ತು ಹೆಸರಿನ ಪಟ್ಟಿಯಲ್ಲಿ ಏಳನೆಯದು: ಸಾರಥಿ, 'ಕಡಲಂಚು' ವಾರಪತ್ರಿಕೆ, ಕುಂದಾಪುರ.

ಆ ಸಾರಥಿ ನಾನೇ. ಹನ್ನೊಂದು ವರ್ಷದಿಂದ ಪ್ರತಿ ಶುಕ್ರವಾರ ಕಾರುಗಳ ಮೇಲೆ ಅರ್ಧ ಪುಟ ಬರೆಯುತ್ತಿದ್ದೇನೆ. ಈ ದಿನಚರಿಯನ್ನು ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಬರೆದೇ ಬಿಡುತ್ತೇನೆ: ನನಗೆ ಕಾರು ಬಿಡಲು ಬರುವುದಿಲ್ಲ. ನನ್ನ ಹತ್ತಿರ ಇರುವುದು ಸ್ಕೂಟರಿನ ಲೈಸೆನ್ಸ್ ಮಾತ್ರ. ಕಂಪನಿಯ ಪುಸ್ತಿಕೆ ಓದಿ, ನಾಲ್ಕು ವಿಡಿಯೋ ನೋಡಿ ಬರೆಯುತ್ತೇನೆ. ಇದರಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಪಂಚಾಂಗ ಬರೆಯುವವರು ಗ್ರಹಗಳಿಗೆ ಹೋಗಿ ಬಂದಿರುತ್ತಾರೆಯೇ?

ನವೆಂಬರ್ 6

ಹೋಲಿಕೆ ಲೇಖನವನ್ನು ಇವತ್ತೇ ಬರೆದು ಮುಗಿಸಿದೆ. ಓಡಿಸುವುದು ಬೇರೆ ವಿಷಯ, ಬರೆಯುವುದು ಬೇರೆ ವಿಷಯ. "ಕರಾವಳಿಯ ಗಾಳಿಯನ್ನೇ ಸೀಳಿ ನುಗ್ಗುವ ಝೋರಿಯಾ, ತನಗಿಂತ ದುಬಾರಿ ಎದುರಾಳಿಗಳ ಎದೆಯಲ್ಲಿ ನಡುಕ ಹುಟ್ಟಿಸುತ್ತದೆ. ಇದರ ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ." ಸೊಗಸಾಗಿ ಬಂದಿದೆ. ಬೆಣ್ಣೆ ಮತ್ತು ಚಾಕುವನ್ನು ಈ ಹಿಂದೆಯೂ ನಲವತ್ತಕ್ಕೂ ಹೆಚ್ಚು ಕಾರುಗಳಿಗೆ ಬಳಸಿದ್ದೇನೆ, ಯಾರೂ ತಕರಾರು ಮಾಡಿಲ್ಲ.

ಆದರೆ ಆ ದಿನ ಹತ್ತು ಜನರ ಎದುರು ಕೀಲಿ ಕೈಗೆ ಕೊಟ್ಟರೆ ಏನು ಮಾಡಲಿ? ಕೈಗೆ ಬ್ಯಾಂಡೇಜು ಕಟ್ಟಿಕೊಂಡು ಹೋಗುವ ಯೋಚನೆಯೂ ಬಂತು. ಮೂರು ಕಾರಿಗೂ ಒಂದೇ ಬ್ಯಾಂಡೇಜು ಸಾಕಾಗಬಹುದು. ಆದರೂ ಮನಸ್ಸು ಒಪ್ಪಲಿಲ್ಲ.

ನವೆಂಬರ್ 10

ಕಲಿಯುವುದೆಂದು ತೀರ್ಮಾನಿಸಿದೆ. ಕುಂದಾಪುರದಲ್ಲಿ ಕಲಿತರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿಯಾಗುತ್ತದೆ. ಆದ್ದರಿಂದ ಬೈಂದೂರು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. "ಎಲ್ಲಿಗೆ ಮಗಾ?" ಎಂದು ಅಬ್ಬೆ ಕೇಳಿದಳು. ನಡಿಗೆಗೆ ಎಂದೆ. "ನಡುಕೆ ಬಸ್ಸಗ್ ಹೋತಾ?" ಎಂದಳು. ಬಸ್ಸು ಹಾರ್ನ್ ಹಾಕಿತು, ಓಡಿದೆ.

ಬಸ್ ನಿಲ್ದಾಣದ ಹಿಂದೆ ಗುಲಾಬಿ ಎಂಬವರ ಡ್ರೈವಿಂಗ್ ಶಾಲೆ ಇದೆ. ಐವತ್ತೆರಡರ ಹೆಂಗಸು. ಮದುವೆಯಾಗಿ ಮುಂಬೈಯಲ್ಲಿದ್ದಾಗ ಕಲಿತು, ಇಲ್ಲಿ ಬಂದು ಶಾಲೆ ತೆಗೆದವರು. ಕಲಿಕಾ ಲೈಸೆನ್ಸಿಗೆ ನನ್ನ ಹೆಸರು, ವಿಳಾಸ ಬರೆದುಕೊಂಡರು. "ಎಂತ ಕೆಲ್ಸ?" ಎಂದು ಕೇಳಿದರು. ಬರವಣಿಗೆ ಎಂದೆ. "ಓ, ಗುಮಾಸ್ತ," ಎಂದು ಬರೆದುಕೊಂಡರು.

ತಲೆಯೆತ್ತಿದರೆ ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ಪತ್ರಿಕೆಯ ತುಂಡು. ತಲೆಬರಹ: "ಮಿನೋ: ಬೆಣ್ಣೆಯಲ್ಲಿ ಚಾಕು!" ಬರೆದವರು ಸಾರಥಿ.

"ಅವ್ರ್ ಬರ್ದದ್ ಓದಿಯೇ ನಾನ್ ಈ ಮಿನೋ ಕಾರ್ ತಕಂಡದ್," ಎಂದರು ಗುಲಾಬಕ್ಕ, ದೇವರ ಪಟ ತೋರಿಸಿದ ಹಾಗೆ. "ಓದ್ತ್ರ್ಯಾ ನೀವ್ ಅವ್ರದ್ದ್?"

ಅಪರೂಪಕ್ಕೆ ಎಂದೆ.

ನವೆಂಬರ್ 13

ಇವತ್ತಿನ ಅವಮಾನವನ್ನು ಚಿಕ್ಕದಾಗಿ ಬರೆಯುತ್ತೇನೆ. ನಾನು ಬ್ರೇಕ್ ಒತ್ತುವುದಿಲ್ಲವಂತೆ. ಪ್ರತಿ ಸಲವೂ ಎಡಗಡೆ ತಮ್ಮ ಕಾಲ ಬಳಿ ಇರುವ ಇನ್ನೊಂದು ಬ್ರೇಕನ್ನು ಗುಲಾಬಕ್ಕನೇ ಒತ್ತಬೇಕಂತೆ. ಎದುರಿಗೆ ಏನಾದರೂ ಬಂದರೆ ಎದ್ದು ನಿಂತು ನೋಡುತ್ತೇನಂತೆ.

"ಹ್ವಾಯ್, ಕೂಕಣಿ! ಎದ್ದ್ ನಿಲ್ಲುಕೆ ಇದ್ ದೋಣಿ ಅಲ್ಲ! ಬ್ರೇಕ್ ಮಾರ್ರೆ, ಬ್ರೇಕ್! ಅದ್ರ್ ಮೇಲ್ ಕಾಲ್ ಇಟ್ರೆ ಎಂತ ಕಚ್ಚತ್ತಾ?"

ಅವರಿಗೆ ಗೊತ್ತಿಲ್ಲ, ಅದು ನಿಜಕ್ಕೂ ದೋಣಿಯದೇ ಅಭ್ಯಾಸ. ಹದಿನೆಂಟರ ತನಕ ಅಪ್ಪಯ್ಯನ ದೋಣಿಯ ಹಿಂದೆ ಕೂತು ಇಂಜಿನ್ನಿನ ಹಿಡಿ ಹಿಡಿದವನು ನಾನು. ದೋಣಿಗೆ ಬ್ರೇಕಿಲ್ಲ. ದಡ ಬರುವ ಮೊದಲೇ ಇಂಜಿನ್ ತಗ್ಗಿಸಿ ಸುಮ್ಮನೆ ತೇಲಲು ಬಿಡಬೇಕು. ಇನ್ನೊಂದು ಸಂಗತಿಯೆಂದರೆ ಹಿಡಿಯನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ಹೋಗುತ್ತದೆ. ಎಲ್ಲ ನೆಟ್ಟಗಿರುವಾಗ ನನಗೆ ಇದು ಕಾರಿನಲ್ಲಿ ನೆನಪಾಗುವುದಿಲ್ಲ. ಗಾಬರಿಯಾದರೆ ಮಾತ್ರ ಕೈ ಹಳೆಯ ಕಡಲಿಗೆ ಹೋಗಿಬಿಡುತ್ತದೆ.

ಮಿನೋದ ಗೇರು ಕೂಡ ಸಹಕರಿಸುವುದಿಲ್ಲ. ಎರಡರಿಂದ ಮೂರಕ್ಕೆ ಹಾಕಲು ನಾನೂ ಗುಲಾಬಕ್ಕನೂ ಸೇರಿ ತಳ್ಳಬೇಕು. ಎಡಗಡೆ ಕೂತ ಅವರು ಬಲಗೈಯಲ್ಲಿ ತಳ್ಳುತ್ತಾರೆ, ತಳ್ಳುವಾಗಲೆಲ್ಲ ಮುಖ ಕಿವುಚುತ್ತಾರೆ. ಇವತ್ತು ಭುಜಕ್ಕೆ ಮುಲಾಮು ತಿಕ್ಕಿಕೊಂಡೇ ಬಂದಿದ್ದರು, ಕಾರೆಲ್ಲ ಅದರದೇ ವಾಸನೆ.

"ಗೇರ್ ಸ್ವಲ್ಪ ಬಿಗಿ ಅಲ್ವಾ?" ಎಂದೆ.

"ಛೆ, ಕಾರ್ ಸಮ ಇತ್ತ್. ನನ್ನ್ ಕೈಯೇ ಸಮ ಇಲ್ಲೆ. ಸಾರಥಿಯವ್ರ್ ಬರ್ದಿದ್ರಲೆ, ಬೆಣ್ಣಿ ಕಂಡಂಗೆ ಅಂದೇಳಿ. ಅವ್ರ್ ಸುಳ್ಳ್ ಬರೀತ್ರಾ?"

ನಾನು ರಸ್ತೆ ನೋಡಿದೆ. ಪಾಠದಲ್ಲಿ ಮೊದಲ ಸಲ ಅಷ್ಟು ಗಮನವಿಟ್ಟು ರಸ್ತೆ ನೋಡಿದ್ದು.

ನವೆಂಬರ್ 21

ಕೊಡೇರಿಯ ಕಡಲಬದಿಯ ದಾರಿಯಲ್ಲಿ ಒಂದು ನಾಯಿ ಅಡ್ಡ ಬಂತು. ಎಡಕ್ಕೆ ತಿರುಗಿಸಬೇಕೆಂದು ಸ್ಟೀರಿಂಗನ್ನು ಬಲಕ್ಕೆ ಎಳೆದೆ. ಬಲಗಡೆ ಯಾರೋ ಬಂಗುಡೆ ಮೀನು ಒಣಗಲು ಹಾಕಿದ್ದರು. ಬ್ರೇಕ್ ಒತ್ತುವುದು ಬಿಟ್ಟು ಕಾರನ್ನು ತೇಲಲು ಬಿಟ್ಟೆ, ಗುಲಾಬಕ್ಕ ತಮ್ಮ ಬದಿಯ ಬ್ರೇಕ್ ಒತ್ತುವಷ್ಟರಲ್ಲಿ ತಡವಾಗಿತ್ತು. ಕಾರು ಮೀನಿನ ಮೇಲೆ ತೇಲುವುದಿಲ್ಲ.

ಗುಲಾಬಕ್ಕ ಬೈಯಲೂ ಇಲ್ಲ. ಇಳಿದು, ಮೀನಿನವಳ ಹತ್ತಿರ ಮಾತಾಡಿ, ಚಕ್ರಕ್ಕೆ ಅಂಟಿದ್ದನ್ನು ಕೋಲಿನಿಂದ ಕೆದಕಿ ತೆಗೆದು ಬಂದು ಕೂತರು. "ಅರೇ ಬಾಬಾ," ಎಂದರು. ಕೋಲನ್ನು ಕಿಟಕಿಯಿಂದ ಎಸೆದು, "ನೀನ್ ಮೀನ್‌ಗಾರ್ರ್ ಮನೆಯವ್ನ್ ಅಲ್ದಾ? ದೋಣಿ ಬಿಡ್ತಿದ್ಯಾ?" ಎಂದು ಕೇಳಿದರು. ಹೌದೆಂದೆ. "ಮೊದ್ಲೇ ಹೇಳುಕಾಗ್ದಾ ಮಾರಾಯ? ದೋಣಿಯವ್ರಿಗ್ ಕಲ್ಸುದೇ ಬೇರೆ ನಮ್ನಿ."

ಆಗಿನಿಂದ ನಾನು ಅವರಿಗೆ 'ನೀನು' ಆದೆ. ಬೆಕ್ಕುಗಳು ಕಾರಿನ ಹಿಂದೆಯೇ ಶಾಲೆಯ ತನಕ ಬಂದವು.

ಸಂಜೆ ಅಬ್ಬೆ ಸುದ್ದಿ ತಂದಳು: "ಕೊಡೇರಿ ಬದಿಗೆ ಯಾವ್ದೋ ಮಂಗ ನಮ್ಮ್ ಪಾಂಡು ಹೆಂಡ್ತಿ ಒಣ್ಗ್ಸಿದ್ ಮೀನ್ ಮೇಲೆ ಕಾರ್ ಹತ್ಸಿದ ಅಂಬ್ರ್."

ಜಗತ್ತಿನಲ್ಲಿ ಮಂಗಗಳಿಗೇನೂ ಕೊರತೆಯಿಲ್ಲ ಎಂದೆ.

ನವೆಂಬರ್ 29

ಗುಲಾಬಕ್ಕನ ಹೊಸ ವಿಧಾನ: ಕಾರು ಹತ್ತುವ ಮೊದಲು ನಾನು "ಇದು ಕಾರು" ಎಂದು ಮೂರು ಸಲ ಗಟ್ಟಿಯಾಗಿ ಹೇಳಬೇಕು. ನಾಚಿಕೆಗೇಡು. ಆದರೆ ಇವತ್ತು ಎರಡು ಸಲ ಬ್ರೇಕ್ ಒತ್ತಿದೆ.

ಡಿಸೆಂಬರ್ 3

ಪ್ರೇಮಾನಂದರು ಒಂದು ಇನ್‌ಲ್ಯಾಂಡ್ ಪತ್ರ ಕೊಟ್ಟರು. "ನಿನ್ನ್ ಅಭಿಮಾನಿ ಕಾಣ್, ಬೈಂದೂರಿಂದ." ಅಕ್ಷರ ನೋಡಿಯೇ ಗೊತ್ತಾಯಿತು. ನನ್ನ ಹೆಸರಿನ ಎದುರು ದಿನವೂ ಹಾಜರಿ ಹಾಕುವ ಅದೇ ಅಕ್ಷರ.

"ಮಾನ್ಯ ಸಾರಥಿಯವರಿಗೆ ನಮಸ್ಕಾರಗಳು. ಮೂರು ವರ್ಷದ ಹಿಂದೆ ತಾವು ಬರೆದದ್ದು ಓದಿ ಮಿನೋ ತೆಗೆದುಕೊಂಡೆ. ಕಾರು ಒಳ್ಳೆಯದೇ ಇದೆ. ಆದರೆ ನನ್ನ ಬಲಗೈ ಹೋಗಿದೆ ಎಂದು ಕಾಣುತ್ತದೆ. ಗೇರು ಹಾಕಿ ಹಾಕಿ ಭುಜ ಎತ್ತಲು ಆಗುವುದಿಲ್ಲ. ಬೆಣ್ಣೆಯಂಥ ಗೇರೇ ನನಗೆ ಹೀಗಾದರೆ ಬೇರೆ ಯಾವ ಕಾರಿನಲ್ಲೂ ನಾನು ಕಲಿಸುವುದು ಸಾಧ್ಯವಿಲ್ಲ. ಕುಂದಾಪುರದ ಒಬ್ಬರು ಶಾಲೆ ಕೊಳ್ಳುತ್ತೇನೆ ಎಂದಿದ್ದಾರೆ, 24ನೇ ತಾರೀಖಿಗೆ ಬರುತ್ತಾರೆ. ಮನಸ್ಸಿಲ್ಲ. ಕಾರಿನ ವಿಷಯ ತಮ್ಮಷ್ಟು ತಿಳಿದವರು ಯಾರೂ ಇಲ್ಲವಾದ್ದರಿಂದ ಕೇಳುತ್ತಿದ್ದೇನೆ. ಕೊಟ್ಟುಬಿಡಲೇ?"

ಮಿನೋವನ್ನು ಬರೆಯುವಾಗ ನಾನು ಅದನ್ನು ಕಣ್ಣಿನಲ್ಲಿಯೂ ನೋಡಿರಲಿಲ್ಲ. ಪುಸ್ತಿಕೆಯಲ್ಲಿ ಬಣ್ಣದ ಚಿತ್ರವಿತ್ತು, ನೀಲಿ.

ಡಿಸೆಂಬರ್ 6

ಸಾರಥಿಯ ಹೆಸರಿನಲ್ಲಿ ಉತ್ತರ ಹಾಕಿದೆ. "ಒಂದೊಂದು ಕಾರು ಒಂದೊಂದು ರೀತಿ. ತಮ್ಮದು ಬಿಗಿ ಇರಬಹುದು. ಶಾಲೆ ಕೊಡುವ ಅವಸರ ಬೇಡ." ಸಮಸ್ಯೆ ಮುಗಿಯಿತು. ನನ್ನ ಗುಟ್ಟೂ ಉಳಿಯಿತು, ಅವರ ಶಾಲೆಯೂ ಉಳಿಯಿತು. ನಾನು ಇಷ್ಟು ಜಾಣ ಎಂದು ನನಗೇ ಗೊತ್ತಿರಲಿಲ್ಲ.

ಡಿಸೆಂಬರ್ 9

ಸಮಸ್ಯೆ ಮುಗಿದಿಲ್ಲ. ಪಾಠದ ನಡುವೆಯೇ ಗುಲಾಬಕ್ಕ ಪತ್ರ ತೆಗೆದು ನನಗೇ ಓದಿ ಹೇಳಿದರು. ಮೂರನೇ ಗೇರಿನಲ್ಲಿದ್ದೆ, ಕೆಳಗಿಳಿಸಲು ಧೈರ್ಯ ಬರಲಿಲ್ಲ.

"ಎಷ್ಟ್ ದೊಡ್ಡ್ ಮನ್ಷ ಕಾಣ್. ನಂಗ್ ಬೇಜಾರ್ ಆಪುದ್ ಬ್ಯಾಡ ಅಂದೇಳಿ, ತಾನ್ ಬರ್ದ್ ಕಾರಿಗೇ ತಪ್ಪ್ ಹೊರ್ಸಿದ್ರ್. ಸಮಾಧಾನಕ್ಕ್ ಬರ್ದದ್ ಇದ್. ನಂಗ್ ತಿಳಿತಿಲ್ಯಾ?"

"ಇಲ್ಲ ಅಕ್ಕಾ, ಗೇರು ನಿಜಕ್ಕೂ ಬಿಗಿ ಇದೆ."

"ನಿಂಗ್ ಎಂತ ಗೊತ್ತಿತ್ತ್? ಇಪ್ಪತ್ತೈದ್ ದಿನದ್ ಡ್ರೈವರ್," ಎಂದು ನಕ್ಕರು. ಆಮೇಲೆ ಪತ್ರವನ್ನು ಮಡಚಿ ಜೋಪಾನವಾಗಿ ಚೀಲದೊಳಗೆ ಇಟ್ಟು, ಬಲಭುಜ ಒತ್ತಿಕೊಂಡರು. ನಾನು ಶಾಲೆಯ ತಿರುವು ದಾಟಿ ಮೂರನೇ ಗೇರಿನಲ್ಲಿಯೇ ಮುಂದೆ ಹೋದೆ.

ಡಿಸೆಂಬರ್ 12

ಪಾಸಾದೆ! ಏರಿನಲ್ಲಿ ನಿಲ್ಲಿಸಿ ಹೊರಡಿಸಿದೆ, ಹಿಂದಕ್ಕೆ ತೆಗೆದೆ, ಒಂದು ಸಲವೂ ಎದ್ದು ನಿಲ್ಲಲಿಲ್ಲ. ಪರೀಕ್ಷೆಯ ಅಧಿಕಾರಿ, "ಹತ್ತುವ ಮೊದಲು ಏನೋ ಗೊಣಗಿದಿರಲ್ಲ?" ಎಂದು ಕೇಳಿದರು. ಮಂತ್ರ ಎಂದೆ.

ಗುಲಾಬಕ್ಕ ನನಗಿಂತ ಜೋರಾಗಿ ಕುಣಿದರು. ಕುಣಿಯುವಾಗ ಎಡಗೈ ಮಾತ್ರ ಮೇಲೆ ಹೋಯಿತು.

"ನನ್ನ್ ಕಡೆ ವಿದ್ಯಾರ್ಥಿ ನೀನ್. ಒಳ್ಳೇದಾಯ್ತ್, ನಿನ್ನ್ ಪಾಸ್ ಮಾಡ್ಸಿಯೇ ಶಾಲೆ ಬಿಡ್ತಾ ಇದ್ದೆ," ಎಂದರು.

ಖುಷಿ ಇರಬೇಕಾದ ದಿನ. ನಿದ್ದೆ ಬರುತ್ತಿಲ್ಲ.

ಡಿಸೆಂಬರ್ 20

ಮರವಂತೆ. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವಿನ ರಸ್ತೆಯಲ್ಲಿ ಮೂರು ಕಾರು. ಕಂಪನಿಯ ಪ್ರಚಾರದ ಹುಡುಗ ರತೀಶ್ ಕೋಟು ಹಾಕಿ ಬೆವರುತ್ತಿದ್ದ. "ಸಾರಥಿ ಸರ್, ನಿಮ್ಮ ಅಭಿಪ್ರಾಯಕ್ಕೇ ಕಾಯ್ತಿದ್ದೇವೆ," ಎಂದ. ಬೆಂಗಳೂರಿನವರು, ಮಂಗಳೂರಿನವರು ಎಲ್ಲ ಭರ್ರನೆ ಹೋಗಿ ಭರ್ರನೆ ಬಂದರು. ನನ್ನ ಸರದಿ ಬಂತು. "ಇದು ಕಾರು" ಎಂದು ಮೂರು ಸಲ ಹೇಳಿ ಕೂತೆ.

ಹೇಳಬೇಕೆಂದರೆ, ನನಗೆ ಬರೆಯಲು ಏನೂ ಸಿಗಲಿಲ್ಲ. ಗಾಳಿಯನ್ನು ಸೀಳಲಿಲ್ಲ, ಯಾರ ಎದೆಯಲ್ಲಿಯೂ ನಡುಕ ಹುಟ್ಟಲಿಲ್ಲ. ನಲವತ್ತರ ವೇಗ ದಾಟಲಿಲ್ಲ, ಹಿಂದಿನಿಂದ ಮೀನಿನ ಲಾರಿಯವನು ಹಾರ್ನ್ ಹಾಕಿ ಹಾಕಿ ಸುಸ್ತಾಗಿ ಮುಂದೆ ಹೋದ. ಕಣ್ಣಿಗೆ ಬಿದ್ದದ್ದೆಲ್ಲ ಕ್ಷುಲ್ಲಕ ಸಂಗತಿಗಳು. ವೆರ್ಡೆನ್ನಿನ ಸೀಟು ಎಷ್ಟು ಕೆಳಗೆಂದರೆ ತಡೆಗೋಡೆಯ ಕಲ್ಲುಗಳಾಚೆ ಕಡಲೇ ಕಾಣುವುದಿಲ್ಲ, ಮರವಂತೆಗೆ ಬಂದದ್ದು ದಂಡ. ಆಲ್ಟಿನೊದಿಂದ ನನ್ನನ್ನು ಇಳಿಸಲು ಇಬ್ಬರು ಬೇಕಾದರು, ಅದರಲ್ಲಿ ಒಬ್ಬ ರತೀಶ್. ಅದರ ಹಾರ್ನು ಆಡಿನ ಮರಿಯದು. ಒಳದಾರಿಯಲ್ಲಿ ಏಳು ಹಂಪುಗಳಿವೆ. ವೆರ್ಡೆನ್ ಐದರಲ್ಲಿ ತಳ ತಾಗಿಸಿತು, ಝೋರಿಯಾ ಎರಡರಲ್ಲಿ. ಆಲ್ಟಿನೊ ಮೊದಲ ಹಂಪು ನೋಡಿಯೇ ವಾಪಸು ಬಂತು, ರತೀಶ್ ಕೈಮುಗಿದದ್ದರಿಂದ. ಝೋರಿಯಾದ ಹೊಸ ವಿನ್ಯಾಸದಲ್ಲಿ ಮೂತಿ ಚೂಪಾಗಿದೆ, ಆದರೆ ಚಾಲಕನಿಗೆ ಅದರ ತುದಿ ಕಾಣುತ್ತದೆ, ಆದ್ದರಿಂದ ತಿರುಗಿಸಲು ಹೆದರಿಕೆಯಾಗುವುದಿಲ್ಲ. ಇಂಥದ್ದನ್ನೆಲ್ಲ ಯಾರು ಓದುತ್ತಾರೆ?

ಒಂದು ಮಾತ್ರ. ಮೂರರಲ್ಲಿ ಝೋರಿಯಾಕ್ಕೆ ಮಾತ್ರ ಕೈಯಿಂದ ಹಾಕುವ ಗೇರು ಇತ್ತು. ಎರಡರಿಂದ ಮೂರಕ್ಕೆ ಹಾಕಲು ಅಭ್ಯಾಸಬಲದಿಂದ ಭುಜ ಗಟ್ಟಿ ಮಾಡಿ ತಳ್ಳಿದೆ. ಎರಡು ಬೆರಳಿಗೇ ಹೋಯಿತು. ಶಬ್ದವೂ ಇಲ್ಲ. ಹನ್ನೊಂದು ವರ್ಷ ನಾನು ಬರೆದ ಬೆಣ್ಣೆ ಇದು. ನನಗೆ ಗೊತ್ತೇ ಇರಲಿಲ್ಲ.

ಕಾರು ಬದಿಗೆ ನಿಲ್ಲಿಸಿದೆ, ಬ್ರೇಕ್ ಒತ್ತಿ. ರತೀಶ್ ಓಡಿ ಬಂದು, "ಏನಾಯ್ತು ಸರ್?" ಎಂದ. ಗೇರು ಚೆನ್ನಾಗಿದೆ ಎಂದೆ. ಕಣ್ಣು ಯಾಕೆ ಕೆಂಪಾಗಿದೆ ಎಂದು ಕೇಳಿದ. ಕಡಲ ಗಾಳಿ ಎಂದೆ. ನಿಜ ಹೇಳಬೇಕೆಂದರೆ ನಾಚಿಕೆಯಾಗಿತ್ತು. ಮೂರು ವರ್ಷ ಆ ಹೆಂಗಸು ನನ್ನ ಸುಳ್ಳನ್ನು ನಂಬಿ ತನ್ನ ಕೈಯನ್ನು ಅನುಮಾನಿಸಿದ್ದಾರೆ.

ಡಿಸೆಂಬರ್ 22

ಬೈಂದೂರಿಗೆ ಹೋದೆ. ಗುಲಾಬಕ್ಕ ಮಿನೋವನ್ನು ತೊಳೆಯುತ್ತಿದ್ದರು, ಕೊಳ್ಳುವವರಿಗೆ ತೋರಿಸಲು. ಎಡಗೈಯಲ್ಲಿ.

ದಾರಿಯುದ್ದಕ್ಕೂ ಒಂದು ಒಳ್ಳೆಯ ಪೀಠಿಕೆ ತಯಾರು ಮಾಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ಅಕ್ಕಾ, ಸಾರಥಿ ನಾನೇ."

"ಯಾವ್ದಕ್ಕೆ?"

"ಪತ್ರಿಕೆಯಲ್ಲಿ ಬರೆಯುವ ಸಾರಥಿ. ಮಿನೋದ ಮೇಲೆ ಬರೆದವನು. ನೋಡದೆ ಬರೆದದ್ದು. ನಿಮ್ಮ ಹತ್ತಿರ ಕಲಿಯುವ ತನಕ ನಾನು ಯಾವ ಕಾರನ್ನೂ ಓಡಿಸಿರಲಿಲ್ಲ."

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ಹೊಡೆಯುತ್ತಾರೆ ಎಂದುಕೊಂಡೆ. ಅದೂ ಇಲ್ಲ. ನೀರಿನ ಪೈಪು ಅವರ ಕಾಲ ಮೇಲೆಯೇ ಹರಿಯುತ್ತಿತ್ತು. ಬಟ್ಟೆ ಹಿಂಡಿದರು, ಮತ್ತೆ ಹಿಂಡಿದರು.

"ಮೊನ್ನೆ ಆ ಝೋರಿಯಾ ಓಡಿಸಿದೆ. ಅಷ್ಟು ದೊಡ್ಡ ಸ್ಪೋರ್ಟ್ಸ್ ಕಾರು, ಎರಡು ಬೆರಳಿಗೆ ಗೇರು ಬಿತ್ತು. ಮಿನೋದ್ದು ಗೇರಲ್ಲ ಅಕ್ಕಾ, ತುಕ್ಕು ಹಿಡಿದ ಬಾವಿಯ ರಾಟೆ. ಯಾರ ಕೈಗೂ ನೋವಾಗುತ್ತದೆ."

ಆಗ ಅವರು ತಲೆಯೆತ್ತಿದರು. ಸಣ್ಣ ದನಿಯಲ್ಲಿ ಕೇಳಿದರು:

"ಅಂದ್ರೆ... ನನ್ನ್ ಕೈ ಸಮ ಇತ್ತಾ?"

ಸಮ ಇದೆ ಎಂದೆ. ಅಲ್ಲೇ ಬಕೆಟ್ಟು ಮಗುಚಿ ಹಾಕಿ ಅದರ ಮೇಲೆ ಕೂತು ಅತ್ತರು. ನಾನೂ ಸ್ವಲ್ಪ. ಆಮೇಲೆ ಬೈಗುಳ ಶುರುವಾಯಿತು. ಕುಂದಾಪ್ರ ಕನ್ನಡ ಮುಗಿದ ಮೇಲೆ ತುಳು, ಕೊಂಕಣಿ, ಕೊನೆಗೆ ಮುಂಬೈಯ ಹಿಂದಿ. ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತು ಕೇಳಿದರು. ಕೊನೆಯಲ್ಲಿ ಗುಲಾಬಕ್ಕ ಹೇಳಿದರು, "ಮೂರ್ ವರ್ಷ ಮುಲಾಮ್ ತಿಕ್ಕದೆ ಮಾರಾಯ! ಇನ್ನ್ ನನ್ನ್ ಕಣ್ಣಿಗ್ ಕಾಣ್ಬ್ಯಾಡ. ಹೋಗ್!"

ಬಂದೆ.

ಡಿಸೆಂಬರ್ 23

ಲೇಖನ ಕೊಟ್ಟೆ. ನವೆಂಬರಿನಲ್ಲಿ ಬರೆದದ್ದಲ್ಲ. ಮೊದಲ ಸಾಲುಗಳು: "ನಲವತ್ತರ ವೇಗದಲ್ಲಿ ಮೂರೂ ಕಾರುಗಳು ಸಮ. ಅದಕ್ಕಿಂತ ಹೆಚ್ಚು ನಾನು ಓಡಿಸಿಲ್ಲ. ಇದಕ್ಕೆ ಮೊದಲು ನಾನು ಬರೆದ ಯಾವ ಕಾರನ್ನೂ ನಾನು ಓಡಿಸಿರಲಿಲ್ಲ, ಓದುಗರು ಕ್ಷಮಿಸಬೇಕು." ಆಮೇಲೆ ಹಂಪುಗಳು, ಕಡಲು, ಆಡಿನ ಮರಿ, ಗೇರು.

ಪ್ರೇಮಾನಂದರು ಎರಡು ಸಲ ಓದಿ ಕನ್ನಡಕ ತೆಗೆದರು. "ನಿಂಗ್ ಎಂತ ಹುಚ್ಚ್ ಹಿಡಿದಿತ್ತಾ?" ಎಂದರು. ಬೇರೆ ಲೇಖನ ಇಲ್ಲ ಎಂದೆ. ಪುಟ ಖಾಲಿ ಬಿಡಲಾಗದ್ದರಿಂದ ಹಾಕಿದರು. ನನ್ನ ಹನ್ನೊಂದು ವರ್ಷ ಇಲ್ಲಿಗೆ ಮುಗಿಯಿತೆಂದು ಕಾಣುತ್ತದೆ.

ಡಿಸೆಂಬರ್ 26

ಪತ್ರಿಕೆ ಬಂತು. ಅಬ್ಬೆ ಪಕ್ಕದ ಮನೆಯವರಿಂದ ಓದಿಸಿ ಕೇಳಿ, "ಮೀನ್ ಮೇಲ್ ಹತ್ಸಿದ್ ಮಂಗ ನೀನೇಯಾ!" ಎಂದಳು. ಆ ವಿಷಯ ಲೇಖನದಲ್ಲಿ ಇರಲೇ ಇಲ್ಲ, ಹೇಗೆ ತಿಳಿಯಿತೋ.

ರತೀಶ್ ಫೋನ್ ಮಾಡಿದ. ಕೋರ್ಟಿಗೆ ಹೋಗುತ್ತಾನೆಂದು ತಿಳಿದೆ. "ಸರ್, 'ಏಳು ಹಂಪುಗಳಲ್ಲಿ ಎರಡಕ್ಕೆ ಮಾತ್ರ' ಅನ್ನೋದನ್ನ ಜಾಹೀರಾತಿಗೆ ಹಾಕಬಹುದಾ?" ಎಂದು ಕೇಳಿದ. ಪ್ರೇಮಾನಂದರಿಗೆ ಹೇಳಿದೆ. ಮುಂದಿನ ವಾರ ಯಾವ ಕಾರು ಎಂದು ಕೇಳಿದರು, ಮುಖ ತಿರುಗಿಸಿಕೊಂಡೇ.

ಬೈಂದೂರಿನಿಂದ ಏನೂ ಸುದ್ದಿಯಿಲ್ಲ. ಶಾಲೆ ಕೊಳ್ಳುವವರು ಬರುವ 24 ಕಳೆದು ಎರಡು ದಿನ.

ಡಿಸೆಂಬರ್ 29

ಬೆಳಿಗ್ಗೆ ಏಳಕ್ಕೆ ಅಂಗಳದಲ್ಲಿ ಹಾರ್ನು. ಮಿನೋ. ಗುಲಾಬಕ್ಕ ಇಳಿಯದೆಯೇ ಕೂಗಿದರು, "ಹ್ವಾಯ್! ಹೊರ್ಡ್. ಕಾರ್ ಕಾಂಬುಕೆ ಹೋಯ್ಕ್. ಈ ಸರ್ತಿ ನಾ ಓಡ್ಸ್ತೆ, ನೀನ್ ಬರ್ಕೋ."

ಕುಂದಾಪುರ, ಬ್ರಹ್ಮಾವರ ಸುತ್ತಿ ನಾಲ್ಕು ಕಾರು ಓಡಿಸಿದರು. ನಾನು ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನೆಲ್ಲ ಬರೆದೆ. ಶಾಲೆ ಕೊಳ್ಳಲು ಬಂದವರನ್ನು ಚಾ ಕೊಟ್ಟು ಕಳಿಸಿದರಂತೆ. ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೂರನೆಯ ಕಾರು ಅವರಿಗೆ ಹಿಡಿಸಿತು. ಗೇರನ್ನು ಹಿಂದೆ ಮುಂದೆ ಹಾಕುತ್ತಾ ಅಂಗಡಿಯ ಎದುರು ನಿಂತ ಕಾರಿನಲ್ಲೇ ಹತ್ತು ನಿಮಿಷ ಕೂತರು.

ಸಂಜೆ ವಾಪಸು ಹೊರಟಾಗ ಮಿನೋದ ಕೀಲಿ ನನ್ನ ಕೈಗೆ ಹಾಕಿದರು. ನಾನು ಎಡಗಡೆಯ ಬಾಗಿಲು ತೆಗೆದು ಹಿಡಿದೆ. ಅವರು ಅದನ್ನು ದಾಟಿ ಹಿಂದಿನ ಬಾಗಿಲು ತೆಗೆದರು.

"ಅಲ್ಲಿಂದ ನಿಮ್ಮ ಬ್ರೇಕ್ ಸಿಗುವುದಿಲ್ಲ ಅಕ್ಕಾ," ಎಂದೆ.

"ಗೊತ್ತಿತ್ತ್. ಬಿಡ್ ನೀನ್," ಎಂದರು.

ಕುಂದಾಪುರ ದಾಟುವುದರೊಳಗೆ ಗೊರಕೆ ಶುರುವಾಯಿತು. ಮಾತಿಗೆ ಯಾರೂ ಇಲ್ಲದೆ ಬೈಂದೂರಿನ ತನಕ ಬಹಳ ಬೇಸರವಾಯಿತು.